ಗೋಲಿನ ಹಿಂದೆ ಹಾಸಿದ ಕೌದಿ

ದೇವರು ನನಗೆ ಏನೇನೋ ಕೊಟ್ಟಿದ್ದಾನೆ, ಒಳ್ಳೆಯ ಜಾಗ ಹಿಡಿದು ಕೂಡುವ ಬುದ್ಧಿಯೊಂದನ್ನು ಮಾತ್ರ ಬೇರೆ ಯಾರಿಗೋ ಕೊಟ್ಟುಬಿಟ್ಟ. ಬಸ್ಸಿನಲ್ಲಿ ನಾನು ಆರಿಸಿದ ಸೀಟಿನ ಕಡೆಗೇ ಬಿಸಿಲು ಬರುತ್ತದೆ. ನಾಟಕಕ್ಕೆ ಹೋದರೆ ಊರಿನ ಅತಿ ದೊಡ್ಡ ರುಮಾಲಿನವರು ನನ್ನ ಮುಂದಿನ ಕುರ್ಚಿಗೇ ಬಂದು ಕೂಡುತ್ತಾರೆ. ಮದುವೆಯ ಪಂಕ್ತಿಯಲ್ಲಿ ನಾನು ಕೂತ ತುದಿಗೆ ಬರುವಷ್ಟರಲ್ಲಿ ಹೋಳಿಗೆ ಬುಟ್ಟಿ ಬರಿದಾಗಿರುತ್ತದೆ. "ತರ್ತೇನಿ, ತಡೀರಿ" ಎಂದು ಒಳಗೆ ಹೋದವರು ಮಜ್ಜಿಗೆಯೊಂದಿಗೇ ಹೊರಗೆ ಬರುತ್ತಾರೆ. ಇಡೀ ಆಯುಷ್ಯದಲ್ಲಿ ಬಹಳ ವಿಚಾರ ಮಾಡಿ, ಲಾಜಿಕ್ ಹಚ್ಚಿ, ತಿಳಿದವರ ಮಾತು ಮೀರಿ ನಾನು ಆರಿಸಿದ ಜಾಗ ಒಂದೇ ಒಂದು. ಅದು ಸವಣೂರಿನ ಮೈದಾನದಲ್ಲಿ, ಫುಟ್‌ಬಾಲ್ ಗೋಲಿನ ಹಿಂದೆ. ಅದರ ಪರಿಣಾಮದ ಜೊತೆ ನಲವತ್ತಾರು ವರ್ಷ ಸಂಸಾರ ಮಾಡಿದೆ.

ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ನಮ್ಮಪ್ಪ ಮಾಸೂರಿನಲ್ಲಿ ಕೆರೆ ನೀರಿಗೆ ಭತ್ತ ಬೆಳೆಯುತ್ತಿದ್ದ ಮನುಷ್ಯ. ಒಮ್ಮೆ ಯಾರೋ ದೊಡ್ಡ ಅಧಿಕಾರಿಯ ಹೆಂಡತಿ ಕುದುರೆಯ ಮೇಲಿನ ಗಂಡನಿಗೆ ಇಂಗ್ಲಿಷಿನಲ್ಲಿ ಬೈಯುವುದನ್ನು ಕೇಳಿ, ಆ ಭಾಷೆಯ ಸೊಗಸಿಗೆ ಮರುಳಾಗಿ ನನ್ನನ್ನು ಹುಬ್ಬಳ್ಳಿಯ ಕಾನ್ವೆಂಟಿಗೆ ಹಾಕಿದ. ಅಲ್ಲಿ ಸಿಸ್ಟರ್ ಫಿಲೋಮಿನಾ ಎಂಬ ಒಣಕಲು ಹೆಂಗಸು ದಿನಕ್ಕೆ ಹತ್ತು ಸಲ "ಐಸ್ ಡೌನ್, ಗರ್ಲ್ಸ್" ಅನ್ನುತ್ತಿದ್ದರು. ರಜೆಗೆ ಊರಿಗೆ ಬಂದರೆ ಅವ್ವ, "ಗಂಡಸರ ಮುಂದ ತಲಿ ಬಗ್ಗಸ" ಅನ್ನುತ್ತಿದ್ದಳು. ಉಳಿದ ಯಾವ ವಿಷಯದಲ್ಲೂ ಕೂಡಿಬಾರದ ಇಬ್ಬರೂ ನನ್ನ ಕುತ್ತಿಗೆಯ ವಿಷಯದಲ್ಲಿ ಒಂದಾಗಿದ್ದರು.

ಹೀಗೆ ಪಳಗಿದ ಕುತ್ತಿಗೆಯನ್ನು ಹೊತ್ತುಕೊಂಡು ಹದಿನೆಂಟನೆಯ ವಯಸ್ಸಿನಲ್ಲಿ, ಶಿಗ್ಗಾವಿಯಿಂದ ಕನ್ಯೆ ನೋಡಲು ಬಂದವರ ಮುಂದೆ ಅವಲಕ್ಕಿ ತಾಟು ಹಿಡಿದು ನಿಂತೆ. ಹುಡುಗ ಧಾರವಾಡದಲ್ಲಿ ಕಾಲೇಜು ಓದುತ್ತಿದ್ದ. ಆತನನ್ನು ನಾನು ನೋಡಿದ್ದು ಹಿಮ್ಮಡಿಯಿಂದ ಬೆರಳ ತುದಿಯವರೆಗೆ. ಬಲಗಾಲ ಹೆಬ್ಬೆರಳ ಉಗುರು ಪೆಟ್ಟು ತಿಂದು ನೇರಳೆಹಣ್ಣಿನಂತೆ ಕಪ್ಪಾಗಿತ್ತು. ಅದರ ಮೇಲಕ್ಕೆ ಏನಿದೆಯೋ ಸಿಸ್ಟರ್ ಫಿಲೋಮಿನಾಗೇ ಗೊತ್ತು.

ಅವರು ಹೋದ ಮೇಲೆ ಅಪ್ಪ ಕೇಳಿದ: "ನೋಡಿದೆಲ್ಲವಾ ಹುಡುಗನ್ನ? ಕಲ್ತ ಹುಡುಗಿ ಇದ್ದಿ, ನಿನ್ನ ಕೇಳದ ನಾ ಮಾತ ಕೊಡೂದಿಲ್ಲ. ಹೂಂ ಅಂತಿ, ಊಹೂಂ ಅಂತಿ?"

ಆ ಕಾಲಕ್ಕೆ ಮಗಳನ್ನು ಹೀಗೆ ಕೇಳಿದ ಅಪ್ಪ ಹಿರೇಕೆರೂರು ತಾಲೂಕಿನಲ್ಲಿ ಇನ್ನೊಬ್ಬನಿದ್ದನೋ ಇಲ್ಲವೋ. ಅಂಥವನ ಮುಂದೆ, ಬರೇ ಬೆರಳು ನೋಡಿದೆ ಎಂದು ಹೇಗೆ ಹೇಳಲಿ? ಅಷ್ಟು ವರ್ಷದ ಕಾನ್ವೆಂಟು ದಂಡವಾಗುತ್ತಿತ್ತು. "ಒಂದ್ ವಾರ ತಡದ ಹೇಳ್ತೇನಿ" ಅಂದೆ. ಪುಣ್ಯಕ್ಕೆ ಮುಂದಿನ ರವಿವಾರ ಹುಡುಗನ ಕಾಲೇಜಿನ ಟೀಮು ಸವಣೂರಿನವರ ಮೇಲೆ ಮ್ಯಾಚ್ ಆಡಲು ಬರುವುದಿತ್ತು. ಸವಣೂರಿನಲ್ಲಿ ನಮ್ಮ ಸೋದರತ್ತೆ ಗಂಗತ್ತಿಯ ಮನೆ. ಮ್ಯಾಚು ಮುಗಿದು ದೀಪ ಹಚ್ಚುವ ಹೊತ್ತಿಗೆ ಹುಡುಗನ ಕಾಕಾ ಅಲ್ಲಿಗೆ ಬರುವುದು, ಅಪ್ಪ ಉತ್ತರ ಹೇಳುವುದು, ಎಂದು ಠರಾಯಿತು. ಅಂದರೆ ಆ ಮುಖ ನೋಡಲು ನನಗೆ ಉಳಿದದ್ದು ಒಂದೇ ಮ್ಯಾಚು.

ಈಗಿನವರು ಸ್ಟೇಡಿಯಂ ಅಂದರೆ ಏನೇನೋ ಕಲ್ಪಿಸಿಕೊಳ್ಳುತ್ತೀರಿ. ನಮ್ಮ ಸ್ಟೇಡಿಯಂ ಅಂದರೆ ಮೈದಾನದ ಸುತ್ತ ಎತ್ತು ಬಿಚ್ಚಿ ನಿಲ್ಲಿಸಿದ ಚಕ್ಕಡಿಗಳು. ಸಾಹೇಬರಿಗೆ ನಾಲ್ಕು ಕುರ್ಚಿ, ಉಳಿದವರಿಗೆ ನೆಲ. ಯಾರು ಮೊದಲು ಕೌದಿ ಹಾಸುತ್ತಾರೋ ಜಾಗ ಅವರದು. ಅತ್ತೆಯ ಪಕ್ಕದ ಮನೆಯ ಫಾತಿಮಾಬಿಯ ಅಣ್ಣತಮ್ಮಂದಿರೆಲ್ಲ ಫುಟ್‌ಬಾಲ್ ಆಡುವವರು. ಆಕೆ ಹಿಂದಿನ ದಿನವೇ ಬಂದು, "ನಮ್ಮ ಚಕ್ಕಡಿ ಮೈದಾನದ ನಟ್ಟನಡುವ ನಿಲ್ಲಸ್ತೇವ್ರಿ, ಅದರಾಗ ಬರ್ರಿ. ಎರಡೂ ಕಡೆ ಕಾಣ್ತೈತಿ. ಪಡದೆ ಇರ್ತೈತಿ, ನಿಮ್ಮನ್ನ ಯಾರೂ ನೋಡೂದಿಲ್ಲ, ನೀವು ಎಲ್ಲಾರನ್ನೂ ನೋಡಬಹುದು" ಅಂದಳು.

ಕೂಡುವ ಜಾಗದ ಬಗ್ಗೆ ಇದಕ್ಕಿಂತ ಬುದ್ಧಿಯ ಮಾತನ್ನು ನಾನು ಮತ್ತೆ ಎಂದೂ ಕೇಳಲಿಲ್ಲ. ಆದರೆ ನನಗೆ ಇಂಗ್ಲಿಷ್ ಬರುತ್ತಿತ್ತಲ್ಲ. ಶಿಗ್ಗಾವಿಯವರ ಪತ್ರದಲ್ಲಿ 'ಚಿರಂಜೀವಿಯು ಕಾಲೇಜಿನ ಟೀಮಿನಲ್ಲಿ ಫುಲ್ ಬ್ಯಾಕ್ ಇರುತ್ತಾನೆ' ಎಂದು ಬರೆದಿತ್ತು. ನಾನು ಫಾತಿಮಾಬಿಗೆ ಪಾಠ ಹೇಳಿದೆ: "ಹಂಗಲ್ರಿ. ಫುಲ್ ಅಂದ್ರ ಪೂರ್ತಿ, ಬ್ಯಾಕ್ ಅಂದ್ರ ಹಿಂದ. ಅವರು ಪೂರ್ತಿ ಹಿಂದ ನಿಂದರ್ತಾರ. ಗೋಲಿನ ಹಿಂದ ಕುಂತ್ರ ನಮ್ಮ ಮೂಗಿನ ಮುಂದ ಇರ್ತಾರ."

ಆಕೆ ನನ್ನನ್ನು ಒಮ್ಮೆ ನೋಡಿದಳು. "ನೀವು ಇಂಗ್ಲಿಷ್ ಬಲ್ಲವರು. ನಮಗ ಬರೇ ಆಟ ಗೊತ್ತೈತ್ರಿ" ಅಂದಳು.

ರವಿವಾರ ಬೆಳಿಗ್ಗೆಯೇ ಗಂಗತ್ತಿ ಹೋಗಿ ಗೋಲಿನ ಹಿಂದೆ ಕೌದಿ ಹಾಸಿ, ನಾಲ್ಕು ಮೂಲೆಗೆ ಕಲ್ಲು ಹೇರಿ ಬಂದಳು. ಮಧ್ಯಾಹ್ನ ನಾವಿಬ್ಬರೂ ಮಂಡಕ್ಕಿ ಬುಟ್ಟಿ ಇಟ್ಟುಕೊಂಡು ಕೂತೆವು. ಕಾಲೇಜಿನವರು ನಮ್ಮ ಕಡೆಯ ಗೋಲಿಗೇ ಬಂದರು. ಫುಲ್ ಬ್ಯಾಕು ನಿಜವಾಗಿಯೂ ಮೂಗಿನ ಮುಂದೆಯೇ ನಿಂತ. ನನ್ನ ವ್ಯಾಕರಣದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಇಷ್ಟೇ: ಆಡುವವರು ಎದುರಾಳಿಯ ಕಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಫುಲ್ ಬ್ಯಾಕ್ ಅಂದರೆ ಪೂರ್ತಿ ಬೆನ್ನು ಎಂದು ನನಗೆ ಆಗ ಅರ್ಥವಾಯಿತು. ಅದೂ ಒಂದಲ್ಲ, ಎರಡು. ಒಬ್ಬ ಎತ್ತರದವ, ಗುಂಗುರು ಕೂದಲು. ಇನ್ನೊಬ್ಬ ಗಿಡ್ಡ, ಕಿವಿಗಳು ತುಸು ಹೊರಗೆ ಬಂದು ಎಲ್ಲರ ಮಾತೂ ಕೇಳಿಸಿಕೊಳ್ಳುತ್ತಿದ್ದವು.

"ಯಾವಾಂವ ನಮ್ಮಾಂವ?" ಅತ್ತೆ ಕೇಳಿದಳು.

"ಎತ್ತರದಾಂವ ಇರಬೇಕತ್ತಿ."

"ಇರಬೇಕಂದ್ರ? ನೀ ನೋಡಿಲ್ಲೇನ?"

"ಅವತ್ತ ಕುಂತಿದ್ರಲ್ಲ, ಎತ್ತರ ತಿಳೀಲಿಲ್ಲ."

ಅತ್ತೆ ತಡಮಾಡುವವಳಲ್ಲ. "ಏ ತಮ್ಮಾ, ಒಂದ್ಸಲ ಹೊಳ್ಳಿ ನೋಡಪಾ" ಎಂದು ಕೂಗಿದಳು. ಇಬ್ಬರಲ್ಲಿ ಯಾರೂ ಹೊಳ್ಳಲಿಲ್ಲ. ಗೋಲ್ ಕಾಯುವವನು ಹೊಳ್ಳಿ ನೋಡಿ ನಾಚಿದ.

ಹಾಫ್ ಟೈಮು ಹತ್ತಿರ ಬಂದಿತ್ತು. ಚೆಂಡು ಆ ಗಿಡ್ಡನೆಯವನ ಕಾಲಿಗೆ ಬಂತು. ಸುತ್ತ ಎದುರಾಳಿ ಒಬ್ಬನೂ ಇಲ್ಲ. ಮುಂದೆ ಒದೆಯುವುದು ಬಿಟ್ಟು ಆತ ಹಿಂದಕ್ಕೆ ಒದ್ದ. ಚೆಂಡು ಆತನದೇ ಗೋಲಿನ ಪಕ್ಕದಿಂದ ಗೆರೆ ದಾಟಿ, ಕೌದಿಯ ಮೇಲೆ ಪುಟಿದು, ನೇರ ಮಂಡಕ್ಕಿ ಬುಟ್ಟಿಗೆ ಬಡಿಯಿತು. ಅದರ ಹಿಂದೆಯೇ ಆತ ಓಡಿ ಬಂದ, ಮುಖವನ್ನು ತೆಗೆದುಕೊಂಡು, ನನ್ನಿಂದ ಒಂದು ಮೊಳ ದೂರಕ್ಕೆ.

ಡಿಯರ್ ರೀಡರ್, ನಾನು ತಲೆ ಬಗ್ಗಿಸಿದೆ.

ಬೇಕೆಂದಲ್ಲ. ಕುತ್ತಿಗೆ ತಾನಾಗಿ ಬಾಗಿತು. ಒಂದು ಕಡೆಯಿಂದ ಅವ್ವ, ಇನ್ನೊಂದು ಕಡೆಯಿಂದ ಸಿಸ್ಟರ್ ಫಿಲೋಮಿನಾ ಹಿಡಿದು ಒತ್ತಿದಂತಾಯಿತು. ಆಗೆಲ್ಲ ಕಾಲಿಗೆ ಪಟ್ಟಿ ಸುತ್ತಿಕೊಂಡು ಬರಿಗಾಲಲ್ಲೇ ಆಡುತ್ತಿದ್ದರು. ಕೌದಿಯ ಅಂಚಿನಲ್ಲಿ ನಿಂತ ಬಲಗಾಲ ಹೆಬ್ಬೆರಳಲ್ಲಿ ಅದೇ ನೇರಳೆಹಣ್ಣು. ನಮ್ಮಾಂವ ಈ ಗಿಡ್ಡನೆಯವನೇ.

"ಇಷ್ಟ ದೊಡ್ಡ ಮೈದಾನದಾಗ ನಿನಗ ನನ್ನ ಬುಟ್ಟೀನ ಬೇಕಾತೇನೋ?" ಅತ್ತೆ ಸುರು ಮಾಡಿದಳು.

"ತಪ್ಪಾತ್ರಿ ಯವ್ವಾ" ಎಂದು ಆತ ಅಲ್ಲೇ ಮಂಡಿಯೂರಿ ಮಂಡಕ್ಕಿ ಬಳಿಯತೊಡಗಿದ. ರೆಫರಿ ಸೀಟಿ ಊದಿದ. ಅವನ ಕಡೆಯವರು ಹೆಸರು ಹಿಡಿದು ಬೈದರು.

"ಚೆಂಡ ತಗೊಂಡ ಹೋಗೋ ಮಾರಾಯಾ, ಕರ್ಯಾಕತ್ತಾರ" ಎಂದು ಅತ್ತೆಗೇ ಗಾಬರಿಯಾಯಿತು.

"ಇಷ್ಟರಿ, ಆತು" ಎನ್ನುತ್ತ ಆತ ಕೌದಿಯ ಹೊಲಿಗೆಯಲ್ಲಿ ಸಿಕ್ಕಿದ ಕಾಳನ್ನೂ ಆರಿಸಿ, ಹುಲ್ಲುಕಡ್ಡಿ ತೆಗೆದು, ಬುಟ್ಟಿಗೆ ಹಾಕಿ ಎದ್ದ. ನಾನು ಕೈ ನೋಡಿದೆ. ಸಾವಕಾಶದ ಕೈ. ಮುಖ ನೋಡೋಣವೆಂದು ತಲೆ ಎತ್ತುವಷ್ಟರಲ್ಲಿ ಮತ್ತೆ ಬೆನ್ನು.

ಮರುಗಳಿಗೆ, ಆತ ಚೆಂಡನ್ನು ಗೆರೆ ದಾಟಿಸಿದ ತಪ್ಪಿಗೆ, ಸವಣೂರಿನವರು ಮೂಲೆಯಿಂದ ಚೆಂಡು ಒದ್ದರು, ಯಾರೋ ತಲೆ ಕೊಟ್ಟರು, ಚಕ್ಕಡಿಗಳೆಲ್ಲ "ಗೋಲ್" ಎಂದು ಎದ್ದು ನಿಂತವು. "ಯಾರ ಮನ್ಯಾಗ ಏನ್ ಗೋಳಾತ?" ಎಂದು ಅತ್ತೆ ಗಾಬರಿಯಾಗಿ ನೋಡಿದಳು. ಹಾಫ್ ಟೈಮಿನ ನಂತರ ಎರಡೂ ಕಡೆಯವರು ಜಾಗ ಬದಲಿಸುತ್ತಾರೆಂಬ ಸಂಗತಿ ಯಾವ ಕಾನ್ವೆಂಟಿನಲ್ಲೂ ಹೇಳಿರಲಿಲ್ಲ. ನಮ್ಮಾಂವ ಮೈದಾನದ ಆ ತುದಿಯಲ್ಲಿ ಅಂಗಿಯ ಗುಂಡಿಯಷ್ಟಾದ. ಒಂದೇ ಗೋಲಿನಿಂದ ಕಾಲೇಜಿನವರು ಸೋತರು.

ಮನೆಗೆ ಬರುವಾಗ ಫಾತಿಮಾಬಿ ಸಿಕ್ಕಳು. "ಮಾರಿ ಕಂಡ್ತೇನ್ರಿ?"

"ಕಂಡ್ತು."

"ನಮಗೂ ಛಲೋ ಕಂಡ್ತು. ಎಡಗಲ್ಲದ ಮ್ಯಾಲೆ ಮಚ್ಚಿ ಐತಿ, ಲಕ್ಷಣಾಗ್ಯಾನ."

ದೀಪ ಹಚ್ಚಿದರು, ಕಾಕಾ ಬಂದರು, ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಮಂಡಕ್ಕಿ ಆರಿಸಿದ ಕೈ ನೋಡಿ ಒಪ್ಪಿದೆ ಎಂದು ಅಪ್ಪನಿಗೆ ಹೇಳಲು ನಾಚಿಕೆ. "ಹೂಂ" ಅಂದೆ. "ಮಾರಿ ನೋಡಿದಿ?" ಅಂದ. "ನೋಡಿದೆ. ಎಡಗಲ್ಲದ ಮ್ಯಾಲೆ ಮಚ್ಚಿ ಐತಿ" ಅಂದೆ. ಮಗಳ ಅಬ್ಸರ್ವೇಶನ್ನಿಗೆ ಅಪ್ಪ ತಲೆದೂಗಿದ.

ಫಾತಿಮಾಬಿ ನೋಡಿದ್ದು ಎತ್ತರದವನನ್ನು. ಮದುವೆಯ ದಿನ ಅಪ್ಪ ಚಾಳೀಸು ಹಾಕಿಕೊಂಡು ಅಳಿಯನ ಎಡಗಲ್ಲ, ಅನುಮಾನಕ್ಕೆ ಬಲಗಲ್ಲ, ಎರಡನ್ನೂ ನೋಡಿ ನನ್ನ ಕಿವಿಯಲ್ಲಿ, "ಮಚ್ಚಿ ಎಲ್ಲೈತವಾ?" ಎಂದು ಕೇಳಿದ. "ಅರಿಷಿಣ ಹಚ್ಯಾರಲ್ಲಪ್ಪ, ಮುಚ್ಚಿರಬೇಕು" ಅಂದೆ.

ಚೆಂಡು ಬುಟ್ಟಿಗೆ ಬಡಿದದ್ದು ಹೇಗೆಂದು ನಮ್ಮವರು ಹೇಳಿದ್ದು ಎಷ್ಟೋ ವರ್ಷದ ಮೇಲೆ. "ನಾನೂ ಮಾಸೂರಾಗ ನಿನ್ನ ಬೈತಲಿ ಅಷ್ಟ ನೋಡಿದ್ದೆ. ಮಾರಿ ನೋಡೂಣಂತ ಬೇಕಂತನ ಒದ್ದೆ. ಕಾಲೇಜ ಸೋತು, ವರ್ಷಾನುಗಟ್ಟಲೆ ದೋಸ್ತರ ಕಡೆ ಬೈಸಿಕೊಂಡೆ, ಕಂಡದ್ದು ಮತ್ತ ಬೈತಲಿ" ಅಂದರು. ಆಮೇಲೆ, "ನೀನರ ನೋಡಿದ್ಯೋ ಇಲ್ಲೋ?" ಅಂದರು.

"ನೋಡಿದ್ದೆ, ಕಣ್ತುಂಬ. ನೋಡೇ ಹೂಂ ಅಂದದ್ದು" ಅಂದೆ. ನಾನು ಆಡಿದ ಸುಳ್ಳುಗಳಲ್ಲಿ ಇದೊಂದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅವರು ಅದನ್ನು ಕೊನೆಯವರೆಗೂ ನಂಬಿದರು. ಹೊರಗೆ ಹೊರಟಾಗಲೆಲ್ಲ ಕನ್ನಡಿಯ ಮುಂದೆ ನಿಂತು ಮೀಸೆ ತಿದ್ದಿ, ಕಿವಿಗಳನ್ನು ಟೊಪ್ಪಿಗೆಯೊಳಗೆ ಸೇರಿಸಿ, ಒಂದು ಫುಟ್‌ಬಾಲ್ ಮ್ಯಾಚು ಸೋಲುವಷ್ಟು ಹೊತ್ತು ಆ ಮುಖವನ್ನು ನೋಡಿಕೊಳ್ಳುತ್ತಿದ್ದರು. ನಾನು ಛತ್ರಿ ಹಿಡಿದು ಹಿಂದೆ ಕಾಯುತ್ತ ನಿಂತಿರುತ್ತಿದ್ದೆ. ಅಲ್ಲಿಂದ ಬೆನ್ನು ಬಹಳ ಚೆನ್ನಾಗಿ ಕಾಣುತ್ತಿತ್ತು.