ಅಕ್ಕನ ರಾಮೇಶ್ವರ ಯಾತ್ರೆ

ನಾವು ನಾಲ್ವರು ಅಕ್ಕತಂಗಿಯರು ಕೂಡಿ ಮನೆಯಿಂದ ಹೊರಬಿದ್ದೆವೆಂದರೆ ಏನಾದರೊಂದು ಆಗಿಯೇ ಆಗುತ್ತದೆ. ಮದುವೆಗೆಂದು ಹೋಗಿ ಪಕ್ಕದ ಮಂಟಪದ ಮದುವೆಯಲ್ಲಿ ಉಂಡು, ಮುಯ್ಯಿ ಮಾಡಿ, ಫೋಟೋನೂ ತೆಗೆಸಿಕೊಂಡು ಬಂದಿದ್ದೇವೆ. ಅಂಥವರು ವಿಮಾನ ಹತ್ತಿದರೆ ಸುಸೂತ್ರವಾಗಿ ಇಳಿಯುತ್ತೇವೆಯೇ?

ನಮ್ಮ ತವರು ತಂಗಡಗಿ. ದೊಡ್ಡಕ್ಕನನ್ನು ಇಂಡಿಗೆ ಕೊಟ್ಟರು, ಎರಡನೆಯವಳನ್ನು ಸಿಂದಗಿಗೆ, ನನ್ನನ್ನು ಮುದ್ದೇಬಿಹಾಳಕ್ಕೆ, ಸಣ್ಣಾಕಿಯನ್ನು ಬಸವನ ಬಾಗೇವಾಡಿಗೆ. ಸಣ್ಣವರಿದ್ದಾಗ ಕೃಷ್ಣಾ ಹೊಳೆಯ ದಂಡೆಯಲ್ಲಿ ಕೂತು ದೊಡ್ಡಕ್ಕ ಕೇಳುತ್ತಿದ್ದಳು, "ಇಷ್ಟೆಲ್ಲಾ ನೀರು ಹೋಗಿ ಎಲ್ಲಿ ಕೂಡ್ತಾವ?" ಸಮುದ್ರಕ್ಕೆ ಎಂದು ಯಾರೋ ಹೇಳಿದ್ದರು. ಅಂದಿನಿಂದ ಅವಳಿಗೆ ಸಮುದ್ರ ನೋಡುವ ಆಸೆ.

ಭಾವ ತೀರಿಕೊಂಡ ಮೇಲೆ ಆ ಆಸೆಯ ಮಾತು ನಿಂತಿತು. ಅಕ್ಕ ಹೂವು ಬಿಟ್ಟಳು, ಹಸಿರು ಬಳೆ ಬಿಟ್ಟಳು, ಮದುವೆ ಮನೆಗಳಲ್ಲಿ ಹಿಂದಿನ ಸಾಲಿಗೆ ಸರಿದಳು. ಬಿಟ್ಟಳು ಅನ್ನುವುದಕ್ಕಿಂತ ಬಿಡಿಸಿದರು ಅನ್ನುವುದೇ ಸರಿ. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕೊನೆಗೆ ನಾವು ಮೂವರೂ ಅವಳ ಬೆನ್ನು ಹತ್ತಿ, ಗೋವಾಕ್ಕಾದರೂ ಹೋಗೋಣ ಎಂದೆವು. ಅಕ್ಕ ಒಪ್ಪಲಿಲ್ಲ. "ಗೋವಾದಾಗ ಎಲ್ಲಿ ಕಲ್ಲು ಒಗದ್ರೂ ನಮ್ಮ ವಿಜಾಪುರ ಕಡಿಯವರಿಗೇ ಬೀಳ್ತೈತಿ. ಯಾರರ ನೋಡಿ ಆಲಮೇಲಕ್ಕ ಸುದ್ದಿ ಮುಟ್ಟಿಸಿದ್ರ?" ಎಂದಳು.

ಆಲಮೇಲದಲ್ಲಿ ಅವಳ ಬೀಗರಿದ್ದಾರೆ, ಅಂದರೆ ಅವಳ ಮಗಳ ಮಾವ. ಗೊಬ್ಬರದ ಅಂಗಡಿ, ಬಿಳಿ ಧೋತರ, ಬಿಳಿ ಟೋಪಿ. ಯಾರ ಮನೆಯಲ್ಲಿ ಯಾರು ಎಲ್ಲಿ ಕೂಡಬೇಕು, ಯಾರು ಏನು ಮುಟ್ಟಬಾರದು ಎನ್ನುವುದೆಲ್ಲ ಅವರ ಬಾಯಲ್ಲೇ ಇರುತ್ತದೆ. ಅಕ್ಕನಿಗೆ ಯಮನ ಅಂಜಿಕೆಯಿಲ್ಲ, ಬೀಗರ ಅಂಜಿಕೆಯುಂಟು.

"ಹಂಗಾದ್ರ ನಮ್ಮವರು ಯಾರೂ ಸಿಗದ ದೇಶಕ್ಕ ಹೋಗೂಣು," ಎಂದು ಸಣ್ಣಾಕಿ ಮೊಬೈಲಿನಲ್ಲೇ ಬಾಲಿಗೆ ಟಿಕೆಟ್ ತೆಗೆದುಬಿಟ್ಟಳು. ಅಕ್ಕ ಬೀಗರಿಗೆ ರಾಮೇಶ್ವರಕ್ಕೆ ಹೋಗುತ್ತೇವೆಂದು ಹೇಳಿದಳು. ಅವರು ಬಹಳ ಸಂತೋಷಪಟ್ಟರು. "ಈ ವಯಸ್ಸಿಗೆ ದೇವರ ಧ್ಯಾನ ಚೊಲೊರಿ. ನಮಗೂ ಬರೂ ಮನಸ್ಸೈತಿ, ಆದ್ರ ಅದ ವಾರ ಪುಣೆದಾಗ ಕಂಪನಿ ಮೀಟಿಂಗ್ ಐತಿ. ನನ್ನ ಹೆಸರಲೆ ಒಂದು ಕಾಯಿ ಒಡಸ್ರಿ," ಎಂದರಂತೆ.

ಬಾಯಿ ಹೊಲಿದ ಕಿಸೆ

ನನ್ನದು ಮುದ್ದೇಬಿಹಾಳದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ. ಪರದೇಶದಲ್ಲಿ ಪಾಸ್‌ಪೋರ್ಟ್ ಕಳೆದರೆ ಅಲ್ಲೇ ಉಳಿಯಬೇಕಾಗುತ್ತದೆ ಎಂದು ಸಣ್ಣಾಕಿ ಹೆದರಿಸಿದ್ದಳು. ಅದಕ್ಕೆ ಹೊರಡುವ ಮುನ್ನ ನಾಲ್ವರ ಸೀರೆಯೊಳಗಿನ ಪರಕರಕ್ಕೂ ಒಳಗಡೆ ಒಂದೊಂದು ಕಿಸೆ ಹಚ್ಚಿದೆ. ಪಾಸ್‌ಪೋರ್ಟ್ ಒಳಗಿಟ್ಟೆ. ಕಳ್ಳರ ಕೈ ಬಹಳ ಚುರುಕಾಗಿರುತ್ತದೆ ಎಂಬ ವಿಚಾರ ಬಂದು, ಕಿಸೆಯ ಬಾಯಿಗೂ ಮಷೀನಿನಲ್ಲಿ ಎರಡು ಸುತ್ತು ಹೊಲಿಗೆ ಹಾಕಿದೆ.

ಬೆಂಗಳೂರಿನ ವಿಮಾನ ನಿಲ್ದಾಣದ ಬಾಗಿಲಲ್ಲೇ ಬಂದೂಕು ಹಿಡಿದ ಜವಾನ ಪಾಸ್‌ಪೋರ್ಟ್ ಕೇಳಿದ. ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

"ಕತ್ರಿ ಎಲ್ಲೈತಿ?" ಎಂದಳು ಸಣ್ಣಾಕಿ.

"ವಿಮಾನದಾಗ ಕತ್ರಿ ಬಿಡೂದಿಲ್ಲ ಅಂತ ನೀನ ಹೇಳಿದ್ದಿ. ಮನ್ಯಾಗ ಇಟ್ಟು ಬಂದೇನಿ," ಎಂದೆ.

ಪಾಯಖಾನೆ ಹುಡುಕಿಕೊಂಡು ಹೋದೆವು. ಸಿಂದಗಿ ಅಕ್ಕ ಕಬ್ಬಿನ ಗದ್ದೆಯ ಮನೆತನಕ್ಕೆ ಸೇರಿದವಳು, ಹಲ್ಲು ಗಟ್ಟಿ. ಅವಳೇ ಒಂದೊಂದಾಗಿ ನಾಲ್ಕೂ ಕಿಸೆಯ ಹೊಲಿಗೆಯನ್ನು ಹಲ್ಲಿನಿಂದ ಹರಿದಳು. ಅಷ್ಟು ಜಗ್ಗಿದರೂ ಬಟ್ಟೆ ಹರಿಯಲಿಲ್ಲ, ಕಿಸೆಯ ಉಳಿದ ಮೂರು ಬದಿಯ ಹೊಲಿಗೆ ಸಡಿಲಾಗಲಿಲ್ಲ. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಜವಾನ ನಮ್ಮ ಪಾಸ್‌ಪೋರ್ಟಿಗೆ ಅಂಟಿಕೊಂಡ ದಾರವನ್ನು ಬೆರಳಿನಿಂದ ಎತ್ತಿ ನೋಡಿ, ಇದೇನು ಎಂದು ಕೇಳಿದ. "ನಮ್ಮ ತಂಗಿ ಟೇಲರ್ ಅದಾಳ್ರಿ," ಎಂದಳು ದೊಡ್ಡಕ್ಕ ಗತ್ತಿನಿಂದ.

ಒಳಗೆ ಬಂದ ಮೇಲೆ ಸಿಂದಗಿ ಅಕ್ಕ ದವಡೆ ಒತ್ತಿಕೊಳ್ಳುತ್ತ ಹೇಳಿದಳು, "ಇಷ್ಟು ಗಟ್ಟಿ ಹೊಲ್ಯಾಕ ಬರ್ತೈತಿ. ಹಂಗಿದ್ರ ನನ್ನ ಬ್ಲೌಸಿನ ಹುಕ್ಕ ಯಾಕ ತೊಟ್ಟ ದಿನಾನ ಕಿತ್ತು ಬರ್ತಾವ?"

ಮಾಟದ ಊರು

ಬಾಲಿಯಲ್ಲಿ ಇಳಿದಾಗ ಬೆಳಗಾಗಿತ್ತು. ಗಾಳಿಯೇ ಬೆವರಿದಂತಿತ್ತು, ಕಣ್ಣು ಹಾಯಿಸಿದಲ್ಲೆಲ್ಲ ಹಸುರು. ನಮ್ಮ ಹೋಟೆಲು ಸಣ್ಣ ಓಣಿಯೊಳಗಿದ್ದುದರಿಂದ ಟ್ಯಾಕ್ಸಿಯವನು ಓಣಿಯ ಬಾಯಲ್ಲೇ ಇಳಿಸಿ ಹೋದ. ಬ್ಯಾಗು ಎಳೆದುಕೊಂಡು ಹೊರಟೆವು. ಹತ್ತು ಹೆಜ್ಜೆ ನಡೆದಿರಲಿಲ್ಲ, ದೊಡ್ಡಕ್ಕ ಎರಡೂ ಕೈ ಚಾಚಿ ನಮ್ಮನ್ನು ತಡೆದಳು.

"ದಾಟಬ್ಯಾಡ್ರಿ."

ನೆಲದ ಮೇಲೆ ಎಲೆಯ ಪುಟ್ಟ ಬುಟ್ಟಿ. ಅದರಲ್ಲಿ ಹೂವು, ನಾಲ್ಕು ಅಗುಳು ಅನ್ನ, ಹೊಗೆಯಾಡುವ ಊದಿನಕಡ್ಡಿ. ನಮ್ಮ ಕಡೆ ಮೂರು ದಾರಿ ಕೂಡುವಲ್ಲಿ ಇಂಥದ್ದು ಕಂಡರೆ ಯಾರೋ ಮಾಟ ಮಾಡಿಸಿ ಇಟ್ಟಿದ್ದಾರೆಂದೇ ಲೆಕ್ಕ. ಸುತ್ತು ಹಾಕಿ ಹೋದೆವು. ಮುಂದಿನ ಅಂಗಡಿಯ ಹೊಸ್ತಿಲಿಗೂ ಒಂದು. ಅದರಾಚೆಯ ಮನೆಯ ಮುಂದೆಯೂ ಒಂದು. ನಿಂತಿದ್ದ ಸ್ಕೂಟರಿನ ಮೇಲೂ ಒಂದು. ನಾವು ನಾಲ್ವರು ಬ್ಯಾಗು ಎತ್ತಿಕೊಂಡು ಅತ್ತ ಜಿಗಿದು ಇತ್ತ ಜಿಗಿದು ಹೋಗುವುದನ್ನು ಆ ಓಣಿಯವರು ಹೊರಗೆ ಬಂದು ನಿಂತು ನೋಡಿದರು.

"ಇದು ಒಬ್ಬರಿಗೆ ಮಾಡಿಸಿದ್ದಲ್ಲ. ಇಡೀ ಊರಿಗೇ ಮಾಡಿಸ್ಯಾರ," ಎಂದಳು ಸಿಂದಗಿ ಅಕ್ಕ ಬೆವರು ಒರೆಸಿಕೊಳ್ಳುತ್ತ.

ಹೋಟೆಲಿನ ಬಾಗಿಲಲ್ಲಿದ್ದ ಹುಡುಗಿ ನಮ್ಮ ಕುಣಿತ ಕಂಡು ನಗುತ್ತಲೇ ಸಣ್ಣಾಕಿಗೆ ಬಿಡಿಸಿ ಹೇಳಿದಳು. ಅದು ಮಾಟವಲ್ಲ, ದೇವರಿಗೂ ಭೂಮಿಗೂ ದಿನಾ ಇಡುವ ಎಡೆ. ಅಕ್ಕ ಕೇಳಿಸಿಕೊಂಡು, ಕೆನ್ನೆ ಬಡಿದುಕೊಂಡು ಹೇಳಿದಳು, "ನಾವು ವರ್ಷಕ್ಕೊಮ್ಮೆ ಹೊಲದಾಗ ಚರಗ ಚೆಲ್ಲಿ ಮನಿಗೆ ಬಂದು ಮಲಗ್ತೇವಿ. ಇವರು ದಿನಾ ಭೂಮಿತಾಯಿಗೆ ಉಣಸ್ತಾರ. ನಮ್ಮ ಕಡೆ ಮಳಿ ಯಾಕ ಬರೂದಿಲ್ಲ ಅಂತ ಈಗ ತಿಳೀತು."

ಒಂದು ಪಿನ್ನು

ಅದೇ ಹುಡುಗಿ ಹೂಮಾಲೆಗಳ ತಾಟು ಹಿಡಿದುಕೊಂಡು ಬಂದಳು. ಬಂದ ಅತಿಥಿಗಳಿಗೆ ಮಾಲೆ ಹಾಕಿ, ಕಿವಿಯ ಮೇಲೆ ಒಂದು ಹೂವು ಸಿಕ್ಕಿಸುವುದು ಅವರ ಪದ್ಧತಿ. ನಾಲ್ವರಲ್ಲಿ ಹಿರಿಯರು ಯಾರೆಂದು ನೋಡಿ ನೇರವಾಗಿ ದೊಡ್ಡಕ್ಕನ ಮುಂದೆ ನಿಂತಳು.

ನಾವು ಮೂವರೂ ಒಂದು ಹೆಜ್ಜೆ ಮುಂದೆ ಬಂದೆವು. ಬೇಡ ಎಂದು ಆ ಹುಡುಗಿಗೆ ಹೇಳಬೇಕೋ, ಹಾಕಿಸಿಕೋ ಎಂದು ಅಕ್ಕನಿಗೆ ಹೇಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಮಾಲೆ ಕೊರಳಿಗೆ ಬಿದ್ದಿತ್ತು, ಬಿಳಿ ಹೂವು ಕಿವಿಯ ಮೇಲೆ ಕೂತಿತ್ತು. ಹುಡುಗಿ ಕೈ ಮುಗಿದಳು. ಅವಳಿಗೇನು ಗೊತ್ತು, ನಮ್ಮ ಊರಿನಲ್ಲಿ ಇಷ್ಟು ವರ್ಷ ಯಾರಿಗೂ ಆಗದ ಕೆಲಸ ಮಾಡಿದೆ ಎಂದು?

ಅಕ್ಕನ ಕೈ ಮೆಲ್ಲಗೆ ಕಿವಿಯ ಹತ್ತಿರ ಹೋಯಿತು. ತೆಗೆದುಬಿಡುತ್ತಾಳೆ ಎಂದುಕೊಂಡು ನಾನು ಮುಖ ತಿರುಗಿಸಿದೆ.

"ಏ ಮುದ್ದೇಬಿಹಾಳ," ಎಂದು ಅಕ್ಕ ಕರೆದಳು. "ಇದು ಜಾರಿ ಬೀಳಾಕತ್ತೈತಿ. ಬಳಿಯಾಗ ಪಿನ್ ಇಟ್ಟಿದ್ದಿಯಲ್ಲ, ಒಂದು ಕೊಡು."

ನನ್ನ ಬಳೆಯಲ್ಲಿದ್ದ ಅಷ್ಟೂ ಪಿನ್ನು ಬಿಚ್ಚಿ ನಾನೇ ಹೂವು ಸಿಕ್ಕಿಸಲು ಹೋದೆ. ಕಣ್ಣಲ್ಲಿ ನೀರು ಬಂದು ಯಾವುದೂ ಕಾಣದೆ ಒಂದು ಪಿನ್ನು ಅವಳ ಕಿವಿಗೇ ಚುಚ್ಚಿದೆ. "ಹೂವು ಮುಡಸಂದ್ರ ಕಿವಿ ಚುಚ್ಚಾಕ ನಿಂತಾಳ," ಎಂದು ಅಕ್ಕ ಆ ಪರದೇಶದ ಹುಡುಗಿಗೆ ಕನ್ನಡದಲ್ಲೇ ದೂರು ಹೇಳಿದಳು.

ಸಿಂದಗಿ ಬಸ್ ಸ್ಟ್ಯಾಂಡಿನ ಕಾನೂನು

ಮರುದಿನ ಬೆಳಗ್ಗೆ ಸಮುದ್ರಕ್ಕೆ ಹೋದೆವು. ದಂಡೆಯಲ್ಲಿ ಹೋಟೆಲಿನವರ ಮಲಗುವ ಕುರ್ಚಿಗಳಿದ್ದವು. ಮನುಷ್ಯರು ಒಬ್ಬರೂ ಇಲ್ಲ, ಬಹಳಷ್ಟು ಕುರ್ಚಿಗಳ ಮೇಲೆ ಒಂದೊಂದು ಟವೆಲು ಮಾತ್ರ.

"ಯಾರೋ ಮರತು ಹೋಗ್ಯಾರ," ಎಂದಳು ಸಣ್ಣಾಕಿ.

ಸಿಂದಗಿ ಅಕ್ಕ ಅವಳನ್ನು ಕರುಣೆಯಿಂದ ನೋಡಿದಳು. ಸಿಂದಗಿಯಲ್ಲಿ ಆಲಮೇಲದ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯೊಳಗಿಂದ ಟವೆಲು ಎಸೆದು ಸೀಟು ಹಿಡಿಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. "ಮರತಿಲ್ಲ, ಸೀಟ್ ಹಿಡದಾರ. ಬಿಳಿ ಮಂದಿಗೂ ಇದು ಗೊತ್ತೈತಿ ನೋಡು," ಎಂದು ಖಾಲಿ ಉಳಿದ ನಾಲ್ಕು ಕುರ್ಚಿಗಳನ್ನು ಕಂಡು ಓಡಿದಳು. ನಮ್ಮ ಹತ್ತಿರ ಟವೆಲು ಇರಲಿಲ್ಲ. ಚೀಲದಿಂದ ಒಂದು ಇಳಕಲ್ ಸೀರೆ ತೆಗೆದು ಝಾಡಿಸಿ ನಾಲ್ಕೂ ಕುರ್ಚಿಯ ಮೇಲೆ ಉದ್ದಕ್ಕೆ ಹಾಸಿದಳು.

ಆಗ ಬಂದ ಗಂಡಹೆಂಡತಿ ಜೋಡಿಯೊಂದು ಆ ಸೀರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಸುಮ್ಮನೆ ಮರಳಿನ ಮೇಲೆ ಕೂತರು. "ಅವರು ಒಬ್ಬರಿಗೆ ಒಂದು ಟವೆಲ್ ಒಯ್ತಾರ. ನಮ್ಮದು ಒಂದ ಸೀರಿಗೆ ಇಡೀ ಮನೆತನ," ಎಂದು ಸಿಂದಗಿ ಅಕ್ಕ ಸೆರಗಿನ ಕಡೆಯ ಕುರ್ಚಿಯಲ್ಲಿ ಮೈ ಚಾಚಿದಳು.

ಪುಣೆಯ ಮೀಟಿಂಗು

ದೊಡ್ಡಕ್ಕ ಕೂಡಲಿಲ್ಲ. ನೇರ ನೀರಿಗೇ ಹೋದಳು. ಸೀರೆಯ ನಿರಿಗೆ ಮೇಲೆತ್ತಿ ಸಿಕ್ಕಿಸಿ, ಕಿವಿಯ ಮೇಲೆ ಹೊಸ ಹೂವು ಇಟ್ಟುಕೊಂಡು, ಅಲೆ ಬಂದರೆ ಹಿಂದೆ ಸರಿದು, ಅಲೆ ಹೋದರೆ ಬೆನ್ನಟ್ಟಿದಳು. "ನಮ್ಮ ಕೃಷ್ಣಾನೂ ಬಂದು ಇದರಾಗ ಕೂಡ್ಯಾಳಲ್ಲ," ಎಂದು ಬೊಗಸೆಯಲ್ಲಿ ನೀರು ಎತ್ತಿದಳು. ಅಷ್ಟು ಚೆಲುವಾದ ಅಕ್ಕನನ್ನು ನಾನು ನೋಡಿರಲೇ ಇಲ್ಲ.

ಅಷ್ಟರಲ್ಲಿ ದಂಡೆಗುಂಟ ಒಂದು ಗುಂಪು ಬಂತು. ಎಲ್ಲರದೂ ಒಂದೇ ಗೊಬ್ಬರ ಕಂಪನಿಯ ಟೋಪಿ. ಹೆಚ್ಚು ಗೊಬ್ಬರ ಮಾರಿದ ಅಂಗಡಿಯವರನ್ನು ಕಂಪನಿಯವರು ಹೀಗೆ ತಿರುಗಾಡಿಸುತ್ತಾರೆ. ಅದರಲ್ಲೊಬ್ಬ ದಪ್ಪ ಮನುಷ್ಯ ಗಿಳಿಗಳ ಚಿತ್ರದ ಅಂಗಿ, ಮೊಣಕಾಲ ಮೇಲಿನ ಚಡ್ಡಿ ತೊಟ್ಟು, ಎಳನೀರಿಗೆ ನಳಿಗೆ ಹಾಕಿ ಹೀರುತ್ತ ಬರುತ್ತಿದ್ದ. ಅಕ್ಕನ ಎದುರಿಗೆ ಬಂದದ್ದೇ ನಳಿಗೆ ಬಾಯಲ್ಲೇ ಉಳಿಯಿತು.

ಆಲಮೇಲದ ಬೀಗರು.

ನಾನು ಎದ್ದು ಓಡಿದೆ, ಅಕ್ಕನಿಗೆ ಅಡ್ಡ ನಿಲ್ಲಲು. ಬೀಗರ ಕಣ್ಣು ಅಕ್ಕನ ಹೂವಿನ ಮೇಲಿತ್ತು. ಅಕ್ಕನ ಕಣ್ಣು ಬೀಗರ ಮೊಣಕಾಲ ಮೇಲಿತ್ತು. ಅಕ್ಕ ನಿರಿಗೆ ಇಳಿಸಿದಳು. ಹೂವು ತೆಗೆಯಲಿಲ್ಲ.

ಬೀಗರೇ ಮೊದಲು ಬಾಯಿ ಬಿಟ್ಟರು. "ನೀವು... ರಾಮೇಶ್ವರಕ್ಕ ಹೋಗ್ತೇವಿ ಅಂದಿದ್ರಲ್ರಿ?"

"ಹೌದ್ರಿ," ಎಂದಳು ಅಕ್ಕ. "ಇದು ನಿಮಗ ಪುಣೆ ಆಗಿದ್ರ, ನನಗ ರಾಮೇಶ್ವರ." ಆಮೇಲೆ ಅವರ ಕೈಯಲ್ಲಿದ್ದ ಎಳನೀರನ್ನು ನೋಡಿ, "ನಿಮ್ಮ ಹೆಸರಿನ ಕಾಯಿ ನೀವ ಒಡಸಿಕೊಂಡೀರಿ. ನನ್ನದೊಂದು ಕೆಲಸ ಕಡಿಮಿ ಆತು," ಎಂದಳು.

ಇಡೀ ತಾಲೂಕಿಗೆ ಪದ್ಧತಿ ಹೇಳುವ ಮನುಷ್ಯ ಎಳನೀರನ್ನು ಮೊಣಕಾಲಿಗೆ ಅಡ್ಡ ಹಿಡಿದುಕೊಂಡು ಹಿಂದಕ್ಕೆ ಹಿಂದಕ್ಕೆ ನಡೆದು ಗುಂಪು ಸೇರಿದರು.

ಊರಿಗೆ ಮರಳಿದ ಮೇಲೆ ಅಕ್ಕ ಪಿನ್ನು ತೆಗೆದು ನನ್ನ ಕೈಗೆ ಕೊಟ್ಟಳು. "ಇಟಗೋ. ಇಲ್ಲಿ ಬೇಕಾಗೂದಿಲ್ಲ," ಎಂದಳು. ಅಷ್ಟು ದೂರ ಹೋಗಿ ಬಂದದ್ದೆಲ್ಲ ಸುಳ್ಳಾಯಿತೆಂದು ನನಗೆ ಬಹಳ ಕೆಟ್ಟೆನಿಸಿತು.

ಮುಂದೆ ಆಲಮೇಲದಲ್ಲಿ ಅಕ್ಕನ ಮೊಮ್ಮಗನ ಜಾವಳ, ಕೂಸಿನ ಮೊದಲ ಕೂದಲು ತೆಗೆಸುವ ಕಾರ್ಯ. ನಾಲ್ವರೂ ಹೋದೆವು. ಬೀಗರು ಅದೇ ಬಿಳಿ ಧೋತರ, ಅದೇ ಬಿಳಿ ಟೋಪಿಯಲ್ಲಿ ಪಡಸಾಲೆಯಲ್ಲಿ ಕೂತಿದ್ದರು. ಅವರ ಹೆಂಡತಿ ಹೂವಿನ ತಾಟು ಹಿಡಿದು ಹೆಣ್ಣುಮಕ್ಕಳಿಗೆಲ್ಲ ಹೂವು ಕೊಡುತ್ತ ಬಂದು, ದೊಡ್ಡಕ್ಕನನ್ನು ಬಿಟ್ಟು ಮುಂದಕ್ಕೆ ಹೋದರು.

"ಏ, ಬೀಗತೇರಿಗೂ ಹೂವು ಕೊಡು," ಎಂದು ಪಡಸಾಲೆಯಿಂದ ಧ್ವನಿ ಬಂತು.

ಎಲ್ಲರೂ ತಿರುಗಿ ನೋಡಿದರು. ಬೀಗರೇ ಎದ್ದು ಬಂದಿದ್ದರು.

"ಇದ್ಯಾವ ಹೊಸ ಪದ್ಧತಿರಿ?" ಎಂದರು ಅವರ ಹೆಂಡತಿ.

"ರಾಮೇಶ್ವರದ ಪದ್ಧತಿ. ಅಲ್ಲಿ ಎಲ್ಲಾರಿಗೂ ಕೊಡ್ತಾರ. ನಾನ ಕಣ್ಣಾರೆ ನೋಡೇನಿ, ಬಹಳ ಚೊಲೊ ಕಾಣ್ತೈತಿ."

ಅಕ್ಕ ತಾನೇ ತಾಟಿನಿಂದ ಹೂವು ಎತ್ತಿಕೊಂಡಳು. ನನ್ನ ಕಡೆ ನೋಡದೆಯೇ ಕೈ ಚಾಚಿದಳು. "ಪಿನ್ ಕೊಡು. ಈ ಸಲ ಕಿವಿ ಬಿಟ್ಟು ಚುಚ್ಚು."

ಬೀಗರ ಹೆಂಡತಿ ಮಾತ್ರ ತಾಟು ಹಿಡಿದು ಅಲ್ಲೇ ನಿಂತಿದ್ದರು. ಗಂಡನ ಮುಖವನ್ನೇ ನೋಡುತ್ತ ಕೇಳಿದರು.

"ಅಲ್ರಿ, ನೀವ್ಯಾವಾಗ ರಾಮೇಶ್ವರಕ್ಕ ಹೋಗಿದ್ರಿ?"