ಐದನೆಯ ಕವಿತೆ

ಪಟ್ಟಿ ಮಾಮನ ಗ್ರಹಚಾರ ಕೆಟ್ಟದ್ದು ಊಟವಾದ ಮೇಲಿನ ಒಂದು ಕೋಳಿನಿದ್ದೆಯಿಂದ.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕಸುಬು. ಪ್ರತಿ ಶನಿವಾರ ಮೂರು ಗಂಟೆಗೆ, ಒಂದು ಜಾಲತಾಣದಲ್ಲಿ ಬರೆಯುವವರ ಕತೆ ಕವಿತೆಗಳನ್ನು ಆರಿಸಿ 'ಈ ವಾರ ನಾನು ಮೆಚ್ಚಿದ ಐದು' ಎಂದು ಪಟ್ಟಿ ಹಾಕುವುದು ಅವನ ಹುಚ್ಚು. ಹನ್ನೊಂದು ವರ್ಷದಿಂದ ಕಂಡವರನ್ನೆಲ್ಲ ಹೊಗಳಿದ ಪುಣ್ಯಾತ್ಮ ಸ್ವಂತದ್ದೊಂದು ಸಾಲು ಬರೆದವನಲ್ಲ. ಸಾಯುವುದರೊಳಗೆ ಒಂದೇ ಒಂದು ಕವಿತೆ ತನ್ನ ಹೆಸರಲ್ಲಿ ಬರಬೇಕೆಂಬ ಆಸೆ ಮಾತ್ರ ಬೆಟ್ಟದಷ್ಟಿತ್ತು. ಪೆನ್ನು ಹಿಡಿದರೆ ತಲೆ ಖಾಲಿ ಕೊಡ.

ಆ ಶನಿವಾರ ನಾಲ್ಕು ಸಿಕ್ಕಿದ್ದವು, ಐದನೆಯದಿಲ್ಲ. ಅಂಗಡಿಯಲ್ಲೇ ಕೂತು ಫೋನಿನಲ್ಲಿ ಹುಡುಕುತ್ತ ಹುಡುಕುತ್ತ ಕಣ್ಣೆಳೆಯಿತು. ಆಗ ಕಂಡಿತು ಆ ಕವಿತೆ. ದೃಷ್ಟಿ ಮಂದವಾದ ಚಂದ್ರ ಕನ್ನಡಕದ ಅಂಗಡಿಗೆ ಇಳಿದು ಬರುತ್ತಾನೆ. ಗಾಜು ಕಣ್ಣಿಗೇರಿದ್ದೇ ಭೂಮಿಯೆಲ್ಲ ಸ್ಪಷ್ಟ: ತಾರಸಿಗಳ ಮೇಲೆ ಒಬ್ಬೊಬ್ಬರೇ ನಿಂತವರು, ದೀಪ ಆರದ ಕಿಟಕಿಗಳು. ಎಷ್ಟೋ ಹೊತ್ತು ನೋಡಿ ಚಂದ್ರ ಕನ್ನಡಕ ತೆಗೆದಿಡುತ್ತಾನೆ. 'ನನಗೆ ಮಂಜೇ ಇರಲಿ. ಇಷ್ಟು ದೂರದಿಂದ ಯಾರ ಕಣ್ಣನ್ನೂ ಒರೆಸಲಾರೆ.' ಬೀದಿಯ ತುಂಬ ಬೆಳಕು ಹಾಲಿನಂತೆ ಸದ್ದಿಲ್ಲದೆ ಹರಿಯುತ್ತಿತ್ತು. ಮಾಮನ ಎದೆ ತುಂಬಿ ಬಂತು.

ಮೂರಕ್ಕೆ ಐದು ನಿಮಿಷವಿದ್ದಾಗ ತಡಬಡಾಯಿಸಿ ಎದ್ದವನೇ, 'ಐದು: ಚಂದ್ರನ ಕನ್ನಡಕ. ಕವಿ ಅನಾಮಿಕ. ಈ ವರ್ಷದ ಶ್ರೇಷ್ಠ ಕವಿತೆ' ಎಂದು ಬರೆದು ಹಾಕಿಯೇಬಿಟ್ಟ.

ಇನ್ನೊಮ್ಮೆ ಓದೋಣವೆಂದು ಹುಡುಕಿದರೆ ಕವಿತೆಯೇ ಇಲ್ಲ! ಜಾಲತಾಣವನ್ನೆಲ್ಲ ಜಾಲಾಡಿದ. ಆಮೇಲೆ ಹೊಳೆಯಿತು: ಚಂದ್ರನಿಗೆ ಕನ್ನಡಕ ತೊಡಿಸಿದ ಕೈ ತನ್ನದೇ ಆಗಿತ್ತು. ಅಯ್ಯೋ ದೇವರೇ, ಕಂಡದ್ದು ಕನಸು! ಅಂದರೆ ಕವಿತೆ ತನ್ನದೇ! ಖುಷಿಗೆ ಕೈ ಬೀಸಿದಾಗ ಮೇಜಿನ ಮೇಲಿದ್ದ ಗಾಜು ಉರುಳಿ ಚೂರಾಯಿತು.

ಪಟ್ಟಿ ತಿದ್ದಬೇಕೆನ್ನುವಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಅಂಗಡಿಗೆ ಬಂದರು. ಅವರೂ ಅಲ್ಲೇ ಕತೆ ಬರೆಯುವವರು.

"ಏನು ಕವಿತೆ ಕಣಯ್ಯಾ ಅದು! ಎರಡು ಸಲ ಓದ್ದೆ. ಕೊನೇ ಸಾಲಿಗೆ ಮೈ ಜುಮ್ಮೆಂತು."

"ಓದಿದ್ರಾ? ಎಲ್ಲಿ ಮೇಷ್ಟ್ರೇ?"

"ಎಲ್ಲಿ ಅಂದ್ರೆ? ಓದೋರಿಗೆ ಎಲ್ಲಾ ಸಿಗುತ್ತೆ!" ಮೇಷ್ಟ್ರು ಕೆಮ್ಮಿ ಹೊರಟೇಹೋದರು.

ಎದುರಿನ ಔಷಧಿ ಅಂಗಡಿಯಾಕೆ ಕವಯಿತ್ರಿ, ಹಿಂದೆ ಬೀಳುತ್ತಾಳೆಯೇ? "ಹೊಸದೇನಲ್ಲ ಬಿಡಿ ಮಾಮ. ನಾನು ಹೋದ ವರ್ಷವೇ ಓದಿದ್ದೆ. ಅನಾಮಿಕರು ನನಗೆ ಚೆನ್ನಾಗಿ ಪರಿಚಯ."

ಸಂಜೆಯ ಹೊತ್ತಿಗೆ ಪಟ್ಟಿಯ ಕೆಳಗೆ ಎಂಬತ್ತು ಜನ ಕವಿತೆ ಓದಿ ಕಣ್ಣೀರಿಟ್ಟಿದ್ದರು. ಸಿಗಲಿಲ್ಲ ಎಂದು ಒಬ್ಬರಾದರೂ ಬಾಯಿಬಿಡಬೇಡವೇ! ಬಿಟ್ಟರೆ ಮಾನ ಹೋಗುತ್ತದಲ್ಲ.

ಮಾಮ ಮನೆಗೆ ಓಡಿ ಬಂದು, ಚಪ್ಪಲಿಯನ್ನೂ ಬಿಡದೆ ಕವಿತೆಯನ್ನು ಒಂದೇ ಉಸಿರಿಗೆ ಬರೆದ. ಕೆಳಗೆ ತನ್ನ ಹೆಸರು ಹಾಕಿದ. 'ಇದು ನಾನು ಕಂಡ ಕನಸು, ಅನಾಮಿಕ ಎಂಬವರು ಇಲ್ಲ' ಎಂದು ಸೇರಿಸಿ ಜಾಲತಾಣಕ್ಕೇರಿಸಿದ. ಹೆಸರನ್ನು ಮತ್ತೆ ಮತ್ತೆ ಓದಿಕೊಂಡ. ಜನ್ಮ ಸಾರ್ಥಕವಾಯಿತು ಅನಿಸಿತು.

ಹತ್ತು ನಿಮಿಷಕ್ಕೆ ಗುಲ್ಲೆದ್ದಿತು. 'ಹಾಡಹಗಲೇ ಕಳ್ಳತನ! ಅನಾಮಿಕರು ಸಂಕೋಚದವರು ಅಂತ ಹೀಗಾ?' ಎಂದಳು ಔಷಧಿ ಅಂಗಡಿಯಾಕೆ. 'ಕದ್ದದ್ದೂ ಅಲ್ಲದೆ ಕೆಡಿಸಿದ್ದಾನೆ. ಮೂಲದ ಕೊನೆಯ ಸಾಲಿನ ಬಿಗಿ ಇದರಲ್ಲೆಲ್ಲಿದೆ?' ಎಂದರು ಮೇಷ್ಟ್ರು. ಎಂಬತ್ತು ಜನರೂ ಸಾಕ್ಷಿ ನುಡಿದರು. ಜಾಲತಾಣದವರು ಮಾಮನ ಹೆಸರನ್ನು ಅಳಿಸಿ, ಕವಿತೆಯ ಕೆಳಗೆ ಅನಾಮಿಕ ಎಂದು ಹಾಕಿದರು.

ಮಾಮ ಅಳುಮೋರೆ ಹೊತ್ತು ಅಕ್ಕನ ಮುಂದೆ ಕೂತ. "ಅಕ್ಕಾ, ನೀನಾದ್ರೂ ನಂಬು. ನನ್ನ ಕನಸು ಕಣೇ ಅದು!"

ಅಕ್ಕ ಫೋನು ತೆಗೆದುಕೊಂಡು ಕವಿತೆಯನ್ನು ನಿಧಾನವಾಗಿ ಓದಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿನ್ನ ಬಿಟ್ಟು ಇನ್ಯಾರನ್ನ ನಂಬ್ಲೋ! ಹೋಗ್ಲಿ ಬಿಡು, ಅಳ್ಬೇಡ. ಆ ಅನಾಮಿಕರ ಹತ್ರ ಒಂದು ಕ್ಷಮೆ ಕೇಳಿಬಿಡು. ಇಷ್ಟು ಚೆನ್ನಾಗಿ ಬರೆಯೋರು ಖಂಡಿತ ಒಳ್ಳೆಯೋರೇ ಇರ್ತಾರೆ."