ನೀರಿನ ಪಾಳಿ ತೋರಿಸದ ಶಾರ್ಟ್‌ಕಟ್ ಅವರಿಗೆ

ನಮ್ಮ ಕಾಲುವೆ ನೀರು ಬಳಕೆದಾರರ ಸಂಘದ ಕಂಪ್ಯೂಟರಿನ ಪರದೆಯ ಮೇಲೆ, ಎಡಮೂಲೆಗೆ ಪುಟ್ಟ ಬಾಣ ಧರಿಸಿ ಕುಳಿತಿರುವ ಮಾನ್ಯ ಶಾರ್ಟ್‌ಕಟ್ ಅವರೇ, ಶಹಾಪುರ ಸೀಮೆಯ ಸಮಸ್ತ ರೈತರ ಪರವಾಗಿ ತಮಗೆ ಶರಣು ಶರಣಾರ್ಥಿ.

ಸಂಘದಲ್ಲಿ ಕಳವಾಗಿದೆ. ನೀರಿನ ಪಾಳಿಯ ಸಾಫ್ಟ್‌ವೇರನ್ನು ಯಾರೋ ಹೊತ್ತೊಯ್ದಿದ್ದಾರೆ, ಸುರಪುರದ ಕಡೆಯವರ ಮೇಲೆ ಗುಮಾನಿ ಇದೆ. ಹೀಗೆಂದು ನಿನ್ನೆ ಶನಿವಾರ ಬೆಳಿಗ್ಗೆ ಇಡೀ ಊರನ್ನು ಕೂಗಿ ಸೇರಿಸಿದವನು ನಾನೇ. ಕಳವಾಗಿರಲಿಲ್ಲ. ಯಾದಗಿರಿಯ ಕಂಪನಿಯವರು ಅದನ್ನು ಹಾಕಿ ಹೋದ ಮೇಲೆ ಒಂದೇ ಹೆಸರಿನ ಎರಡು ಸಾಮಾನು ನನ್ನ ಕಣ್ಣಿಗೆ ಬಿದ್ದಿದ್ದವು: ಹೊರಗೆ ಅಂದವಾದ ತಾವು, ಒಳಗೆ ಒಂದು ದಡೂತಿ ಫೋಲ್ಡರು. ಒಂದು ಕೆಲಸಕ್ಕೆ ಇಬ್ಬರೇಕೆಂದು ಫೋಲ್ಡರನ್ನು ಕಸದ ಬುಟ್ಟಿಗೆ ಹಾಕಿದೆ. ಶುಚಿಯ ಮನುಷ್ಯನಾದ್ದರಿಂದ ಬುಟ್ಟಿಯನ್ನೂ ಖಾಲಿ ಮಾಡಿದೆ.

ತಮ್ಮ ಸ್ಥೈರ್ಯ ದೊಡ್ಡದು. ಬೆನ್ನ ಹಿಂದೆ ಇದ್ದದ್ದೆಲ್ಲ ಹೋದರೂ ತಾವು ಜಾಗ ಬಿಟ್ಟು ಕದಲಲಿಲ್ಲ. ಎರಡು ಸಲ ಒತ್ತಿದೆ, ಮೌಸ್ ಒರೆಸಿ ಒತ್ತಿದೆ, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿ ಒತ್ತಿದೆ, ಬಲಗುಂಡಿ ಅದುಮಿ ‘ಅಡ್ಮಿನಿಸ್ಟ್ರೇಟರ್’ ಎಂಬ ಅಧಿಕಾರಿಯ ಹೆಸರಿನಲ್ಲಿ ನಡೆಸುವ ಸಾಲನ್ನು ಆಯ್ದು ಕ್ಷಣಕಾಲ ಅಧಿಕಾರಿಯಾಗಿಯೂ ಕುಳಿತೆ. ತಾವು ಮಾತ್ರ, ಹುಡುಕುತ್ತಿರುವ ವಸ್ತು ಬದಲಾಗಿದೆ ಇಲ್ಲವೇ ಜಾಗ ಬಿಟ್ಟಿದೆ ಎಂದಿರಿ. ಗುರುಮಠಕಲ್ಲಿಗೆ ವರ್ಗವಾಗಿರಬೇಕೆಂದು ನಾನು ನೆರೆದವರಿಗೆ ಸಮಾಧಾನ ಹೇಳಿದೆ. ಕೊನೆಗೆ, ನನ್ನನ್ನೇ ತೆಗೆದುಹಾಕುವಿರಾ ಎಂದು ತಾವು ಕೇಳಿದಾಗ ಕೈ ಮುಗಿದೆ. ಕೆಲಸವಿಲ್ಲದೆ ಕುಳಿತವರು ತಾವಾಗಿಯೇ ಏಳುತ್ತೇವೆ ಎನ್ನುವುದನ್ನು ನಮ್ಮ ಸಂಘ ಕಂಡಿರಲಿಲ್ಲ. ಬಹುಕಾಲದಿಂದ ಅದರ ಅಧ್ಯಕ್ಷನಾಗಿರುವ ನಾನು ಕೇಳಿಯೂ ಇರಲಿಲ್ಲ.

ಇಷ್ಟರಲ್ಲಿ ಕಾಲುವೆಯ ಕೊನೆಗೆ ಹೊಲವಿರುವ ಭೀಮವ್ವ ಬಂದರು. ಅಂದು ಸಂಜೆ ಅವರ ಪಾಳಿ. ಕಂಪ್ಯೂಟರಿನ ಚೀಟಿ ನೋಡದೆ ನೀರು ಬಿಡುವ ಲಾಲಪ್ಪ ತೂಬಿನ ಗೇಟು ಎತ್ತುವುದಿಲ್ಲ. ಈ ಪಾಳಿ ತಪ್ಪಿದರೆ ಮುಂದಿನದು ಬರುವಷ್ಟರಲ್ಲಿ ಅವರ ಮೆಣಸಿನಗಿಡ ಒಣಗಿರುತ್ತದೆ. ಚಿತ್ರ ಇದೆ, ಸಾಫ್ಟ್‌ವೇರ್ ಇಲ್ಲ ಎಂದು ಗಂಭೀರವಾಗಿ ವಿವರಿಸಿದೆ.

"ತೂಬು ಕಿತ್ತು ಒಗದು ಅದರ ಬೋರ್ಡು ಅಷ್ಟ ಇಟಗೊಂಡೀರಿ ಅನ್ರಿ, ಮುತ್ಯಾ," ಅಂದರು ಭೀಮವ್ವ. "ನನ್ನ ಗಿಡಕ್ಕ ಬೋರ್ಡು ಓದಾಕ ಬರಂಗಿಲ್ರಿ."

ನಾಳೆ ಕಂಪನಿಯವರು ಮತ್ತೆ ಬಂದು ಸಾಫ್ಟ್‌ವೇರ್ ಹಾಕುತ್ತಾರೆ. ಫೋಲ್ಡರ್ ಅಳಿಸಿದವರಾರೆಂದು ಅವರು ವಿಚಾರಿಸಿದರೆ, ಏನೂ ಇಲ್ಲದ ಕಡೆಗೆ ಬಾಣ ತೋರಿಸುವುದರಲ್ಲಿ ಪರಿಣತರಾದ ತಾವು ದಯವಿಟ್ಟು ಅದೇ ಕಡೆಗೆ ತೋರಿಸಬೇಕು. ಅಲ್ಲದೆ ಸಂಘದ ಮುಂದಿನ ಚುನಾವಣೆಗೆ ನನ್ನ ಬದಲು ತಾವೇ ನಿಲ್ಲಬೇಕೆಂದು ಪ್ರಾರ್ಥನೆ. ಸದಸ್ಯರಿಗೆ ವ್ಯತ್ಯಾಸ ತಿಳಿಯದು.

ಬೋರ್ಡಾಗಿ ತಮಗಿಂತ ಹಳಬನಾದ, ತಮ್ಮ ವಿಶ್ವಾಸಿ,
ದ್ಯಾವಪ್ಪ

ತಾ.ಕ.: ತನ್ನ ಪಾಳಿ ಮುಗಿದಿದ್ದರೂ ಚೀಟಿ ಬಂದಿಲ್ಲವೆಂಬ ನೆವದಿಂದ ಶನಿವಾರ ಸಂಜೆ ತನ್ನ ತೂಬು ಮುಚ್ಚದೆ ಕುಳಿತಿದ್ದ ನನ್ನ ಭಾವ ಬಸವಂತ್ರಾಯ, ಅದು ಮುಚ್ಚಿ ಭೀಮವ್ವನ ತೂಬು ತೆರೆದದ್ದು ಕಂಪ್ಯೂಟರಿನ ದೋಷವೆಂದೇ ನಂಬಿದ್ದಾನೆ. ನಾಳೆ ತಮ್ಮನ್ನು ಬೈಯಲು ಬರುತ್ತಾನೆ, ಬೈಸಿಕೊಳ್ಳಿ. ಇದು ಬಹಿರಂಗ ಪತ್ರವಾದರೂ ಭಯವಿಲ್ಲ, ನಾನು ಬರೆದದ್ದನ್ನು ಅವನು ಓದುವುದಿಲ್ಲ. ತಮಗೆ ಕೈಯಿಲ್ಲ. ಗೇಟು ತಿರುವಿದವನು ನಾನು. ನನ್ನ ಧೋತರ ಇನ್ನೂ ಒಣಗಿಲ್ಲ.